ಕಲ್ಲಿನ ಮಟ್ಟಿಗೆ

ಸತ್ತವರ ಹಬ್ಬದ ದಿನ ಅಷ್ಟು ಜನರ ಮುಂದೆ ಜೆಮ್ಮಾಳ ಮಾನ ಹೋದದ್ದು ಒಂದೇ ಒಂದು ಅಕ್ಷರದಿಂದ. ಗಂಡನ ಗೋರಿಗೆ ಹೊಸದಾಗಿ ಕೂರಿಸಿದ್ದ ಬಿಳಿ ಕಲ್ಲಿನ ಮೇಲೆ ಫ್ಲೊರೆನ್ಸಿಯೊ ಎಂದು ಇರಬೇಕಾದಲ್ಲಿ ಫ್ಲೊರೆನ್ಸಿಯಾ ಎಂದು ಕೆತ್ತಿತ್ತು. ಗಂಡಸಿನ ಹೆಸರು ಹೆಂಗಸಿನದಾಗಿ ಹೋಗಿತ್ತು. ಪಕ್ಕದ ದ್ವೀಪದ ಬಕೊಲೊದ್‌ನಿಂದ ಬೆಳಗಿನ ದೋಣಿ ಹತ್ತಿ ಬಂದಿದ್ದ ಗಂಡನ ಕಡೆಯ ಹದಿನೇಳು ಜನ ಮೇಣದಬತ್ತಿ, ಹೂವು, ಅನ್ನದ ಪಾತ್ರೆ ಹಿಡಿದು ಸುತ್ತ ನಿಂತಿದ್ದರು. ಮೈದುನನೊಬ್ಬ ಬಗ್ಗಿ ಓದಿ, "ಅಣ್ಣ ಅಕ್ಕ ಆಗ್ಬಿಟ್ನಲ್ಲೋ" ಎಂದ. ಪಕ್ಕದ ಗೋರಿಯವರೂ ನಕ್ಕರು. ಅತ್ತೆ ಸಲ್ವಾಸ್ಯೋನ್ ಮಾತ್ರ ನಗಲಿಲ್ಲ.

"ಬದುಕಿದ್ದಾಗ ನನ್ನ ಮಗನ್ನ ನೆಟ್ಟಗೆ ನೋಡ್ಕೊಳ್ಳಲಿಲ್ಲ. ಸತ್ತ ಮೇಲೆ ಹೆಸರಾದ್ರೂ ನೆಟ್ಟಗೆ ಬರೆಸ್ಬೇಕಿತ್ತು" ಎಂದವಳು, ತಂದ ಪಾತ್ರೆಗಳ ಮುಚ್ಚಳವನ್ನೂ ತೆಗೆಸದೆ, ಎಲ್ಲರನ್ನೂ ಎಬ್ಬಿಸಿಕೊಂಡು ಮಧ್ಯಾಹ್ನದ ದೋಣಿಗೇ ಹೊರಟುಹೋದಳು.

ಈ ಜಗಳ ಬ್ರಿಹಿದಾಳ ಮಡಿಲಿಗೆ ಬಂದು ಬಿದ್ದದ್ದು ಅದಾದ ನಾಲ್ಕು ವಾರಕ್ಕೆ. ಊರಲ್ಲಿ ಅವಳನ್ನು ಬ್ರಿಹಿದಾ ಎಂದು ಕರೆಯುವವರಿಲ್ಲ. ಚಿಕ್ಕವರಿಗೆಲ್ಲ ನಾಂಗ್ ಬಿದಾಯ್, ಅಂದರೆ ಬಿದಾಯಕ್ಕ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಊರಿನ ಗುಟ್ಟುಗಳನ್ನೆಲ್ಲ ಕವರಿನ ಮೇಲಿನ ಕೈಬರಹದಲ್ಲೇ ಗುರುತಿಸಿ, ಒಂದನ್ನೂ ಬಾಯಿ ಬಿಡದೆ ನಿವೃತ್ತಳಾದವಳು. ಆ ಕಾರಣಕ್ಕೇ ಬರಂಗಾಯ್ ಕ್ಯಾಪ್ಟನ್, ಅಂದರೆ ಊರ ಮುಖ್ಯಸ್ಥ, ಅವಳ ಹೆಸರನ್ನು ಪಂಚರ ಪಟ್ಟಿಗೆ ಸೇರಿಸಿದ್ದ.

ಕ್ಯಾಪ್ಟನ್ ತಾನೇ ಮೂರು ಸಲ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ನೋಡಿದ್ದ. ಕಲ್ಲು ಕೆತ್ತಿದ ಅನಕ್ಲೇತೊ, ಊರವರ ಬಾಯಲ್ಲಿ ಕ್ಲೇತೊ, ಅರವತ್ತೊಂಬತ್ತರ ಮುದುಕ, ನಲವತ್ತು ವರ್ಷದಿಂದ ಆ ಸ್ಮಶಾನದ ಅರ್ಧ ಕಲ್ಲುಗಳನ್ನು ಕೆತ್ತಿದವನು. ಕಲ್ಲಿನ ವಿಷಯ ಮಾತಾಡಿ, ಬೇರೆ ಏನೂ ಮಾತಾಡಬೇಡಿ ಎಂದು ಅವನ ಹಟ. ಕಲ್ಲು ಯಾರಿಗೆ ಬೇಕು, ಹೋದ ನನ್ನ ಮಾನಕ್ಕೆ ಮೂವತ್ತು ಸಾವಿರ ಪೆಸೊ ಕೊಡಿ ಎಂದು ಜೆಮ್ಮಾಳ ಹಟ. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ನಾಂಗ್ ಬಿದಾಯ್ ಏನು ಹೇಳಿದರೂ ಸರಿ. ಕಾರ್ಯದರ್ಶಿ ಅಲ್ಲೇ ಒಂದು ಕಾಗದ ಟೈಪ್ ಮಾಡಿದ, ಇಬ್ಬರೂ ಸಹಿ ಹಾಕಿದರು. ಮನಸ್ಸು ಬದಲಾಯಿಸಿ ಹಿಂದೆ ಸರಿಯುವುದಕ್ಕೆ ಕಾನೂನು ಐದು ದಿನ ಕೊಡುತ್ತದೆ. ಇಬ್ಬರೂ ಸರಿಯಲಿಲ್ಲ. ಆರನೆಯ ದಿನ ಕಾಗದ ಬಿದಾಯ್‌ಳ ಊಟದ ಮೇಜಿನ ಮೇಲಿತ್ತು.

ಅದೇ ಸಂಜೆ ಜೆಮ್ಮಾ ಬಂದಳು. ಅವಳು ಸಂತೆಯಲ್ಲಿ ಇಬೊಸ್ ಮಾರುವವಳು. ತೆಂಗಿನ ಹಾಲಿನ ಅಂಟಕ್ಕಿಯನ್ನು ಎಳೆಗರಿಯಲ್ಲಿ ಸುತ್ತಿ ಬೇಯಿಸಿದ ಹತ್ತು ಇಬೊಸ್‌ಗಳ ಗೊಂಚಲನ್ನು ಮೇಜಿನ ಮೇಲಿಟ್ಟಳು.

"ಇದನ್ನ ವಾಪಸ್ ತಗೊಂಡ್ಹೋಗು ಇಂದಾಯ್" ಎಂದಳು ಬಿದಾಯ್. ಚಿಕ್ಕ ಹೆಂಗಸರನ್ನು ಅವಳು ಹಾಗೇ ಕರೆಯುವುದು. "ತೀರ್ಪು ಹೇಳೋವರೆಗೂ ನಿನ್ನ ಕೈಯಿಂದ ಏನೂ ತಿನ್ನೋ ಹಾಗಿಲ್ಲ."

"ಲಂಚ ಅಲ್ಲ ನಾಂಗ್. ಉಳಿದಿತ್ತು."

"ಉಳಿದದ್ದಾದ್ರೆ ಇನ್ನೂ ಕೆಟ್ಟದ್ದು. ಲಂಚವನ್ನಾದ್ರೂ ಬಿಸಿಯಾಗಿ ಕೊಡ್ಬೇಕು."

ಜೆಮ್ಮಾ ನಗುವುದಕ್ಕೆ ನೋಡಿದಳು. ಆಗಲಿಲ್ಲ. ಕುರ್ಚಿಯಲ್ಲಿ ಕೂತು, "ನಾನೇ ಹೋಗಿ ನೋಡ್ಬೇಕಿತ್ತು ನಾಂಗ್" ಎಂದಳು. "ಹಬ್ಬದ ಹಿಂದಿನ ದಿನ ಕಲ್ಲು ಕೂರಿಸಿದ್ರು. ನನಗೆ ಐನೂರು ಇಬೊಸಿನ ಆರ್ಡರ್ ಇತ್ತು. ಆಮೇಲೆ ನೋಡಿದ್ರಾಯ್ತು ಅಂದ್ಕೊಂಡೆ. ಅತ್ತೆ ಮನೆಯವರ ಜೊತೇನೇ ಮೊದಲ ಸಲ ನೋಡಿದ್ದು. ಅತ್ತೆಗೆ ನಾನು ಮೊದಲಿಂದ್ಲೂ ಬೇಡವಾಗಿದ್ದೆ. ಇವರು ಇರೋವರೆಗೂ ಮಧ್ಯೆ ನಿಂತಿದ್ರು. ಈಗ ಫೋನ್ ಮಾಡಿದ್ರೆ ಎತ್ತಲ್ಲ. ಫೆಬ್ರವರಿ ಒಂಬತ್ತಕ್ಕೆ ವರ್ಷದ ಪೂಜೆ. ಬರಲ್ಲ ಅಂತ ಹೇಳಿಕಳಿಸಿದ್ದಾರೆ. ನೀವು ಮೂವತ್ತು ಸಾವಿರ ಬರೆದ್ರೆ ಆ ಕಾಗದಾನ ಅವರಿಗೆ ಕಳಿಸ್ತೀನಿ. ತಪ್ಪು ನಂದಲ್ಲ ಅಂತ ಸರ್ಕಾರವೇ ಹೇಳ್ತು ಅಂತಾಗತ್ತೆ."

ಅವಳಿಗೆ ಹಣ ಬೇಕಿರಲಿಲ್ಲ, ಹಣದಷ್ಟು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಮಾತು ಬೇಕಿತ್ತು. ಅದು ಬಿದಾಯ್‌ಗೆ ಅರ್ಥವಾಯಿತು. ಬರೆದೇಬಿಡೋಣ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು. ಜೆಮ್ಮಾ ಹೋದ ಮೇಲೆ ಕನ್ನಡಕ ಹಾಕಿಕೊಂಡು ಕಾಗದವನ್ನು ಮತ್ತೆ ಓದಿದಳು. ಕಾರ್ಯದರ್ಶಿ ಟೈಪ್ ಮಾಡಿದ್ದು ಎರಡೇ ಸಾಲು: 'ಗೋರಿಯ ಕಲ್ಲು, ಅದರ ಬೆಲೆ ಮತ್ತು ಅದರ ಮರುಕೆತ್ತನೆ, ಇಷ್ಟರ ಬಗ್ಗೆ ಮೇಲ್ಕಂಡವರು ಹೇಳುವ ತೀರ್ಪಿಗೆ ನಾವಿಬ್ಬರೂ ಬದ್ಧರು.' ಮಾನದ ಮಾತು ಎಲ್ಲೂ ಇರಲಿಲ್ಲ.

ಮರುದಿನ ಅವಳು ಜೀಪ್ನಿ ಬಸ್ಸು ಹತ್ತಿ ಪಟ್ಟಣದ ಕೋರ್ಟಿಗೆ ಹೋದಳು. ಅಲ್ಲಿನ ಗುಮಾಸ್ತ ಪಾನ್ಫಿಲೊ ಹುಡುಗನಾಗಿದ್ದಾಗ ಅವಳ ಕಿಟಕಿಯಲ್ಲಿ ಸ್ಟ್ಯಾಂಪು ಕೊಳ್ಳುತ್ತಿದ್ದವನು. ಎರಡು ಸಾಲನ್ನು ಓದಿ ಕಾಗದ ಮಡಚಿ ಅವಳಿಗೇ ಕೊಟ್ಟ.

"ಕಲ್ಲಿನ ಮಟ್ಟಿಗೆ ನೀವು ರಾಣಿ ನಾಂಗ್. ಕಲ್ಲು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ರೆ ನೀವೂ ನನ್ನ ಹಾಗೆ ದಾರಿಹೋಕರು."

"ನ್ಯಾಯ ಅನ್ನೋದು ಒಂದಿದೆಯಲ್ಲಪ್ಪ."

"ಇದೆ. ಆದ್ರೆ ನಿಮಗೆ ಅಧಿಕಾರ ಬಂದದ್ದು ಅವರಿಬ್ಬರ ಸಹಿಯಿಂದ. ಅವರು ನಿಮ್ಮ ಕೈಗೆ ಹಾಕದೆ ಇರೋದನ್ನ ನೀವು ಹೇಗೆ ಹಂಚ್ತೀರಿ? ಮೂವತ್ತು ಸಾವಿರ ಬರೆದ್ರೆ ಆ ಮುದುಕ ಸೀದಾ ಇಲ್ಲಿಗೆ ಬರ್ತಾನೆ, ಜಡ್ಜು ರದ್ದು ಮಾಡ್ತಾರೆ. ಹೆಚ್ಚು ಬರೆದದ್ದರ ಜೊತೆ ಸರಿಯಾಗಿ ಬರೆದದ್ದೂ ಹೋಗ್ಬಹುದು. ಆಮೇಲೆ ಅವಳಿಗೆ ಕಲ್ಲೂ ಇಲ್ಲ."

"ಇನ್ನೊಂದು ಕಾಗದ ಬರೆಸಿದ್ರೆ?"

"ಇಬ್ಬರೂ ಒಪ್ಪಿ ಸಹಿ ಹಾಕಿದ್ರೆ ಧಾರಾಳವಾಗಿ. ಮುದುಕ ಹಾಕ್ತಾನಾ?"

ಕೇಳಿದರೆ ತಾನೇ ಗೊತ್ತಾಗುವುದು ಎಂದುಕೊಂಡು ಬಿದಾಯ್ ಬರುವಾಗ ಕ್ಲೇತೊವಿನ ಅಂಗಡಿಯ ಮುಂದೆ ಇಳಿದಳು. ಸ್ಮಶಾನದ ಗೋಡೆಗೆ ಒರಗಿಸಿ ಹಾಕಿದ ತಗಡಿನ ಮಾಡು ಅದು. ನೆಲ, ಬೆಂಚು, ಅವನ ಹುಬ್ಬು, ಎಲ್ಲದರ ಮೇಲೂ ಬಿಳಿ ಪುಡಿ. ಅವನು ಕತ್ತನ್ನು ಒಂದು ಕಡೆ ವಾಲಿಸಿಕೊಂಡು, ಅವಳ ಭುಜದಾಚೆ ಯಾರನ್ನೋ ನೋಡುತ್ತಿರುವವನ ಹಾಗೆ, "ಬಿದಾಯ್ ತಾನೆ? ಹೆಜ್ಜೆ ಸಪ್ಪಳ ಅದೇ" ಎಂದ. ಕೆಲವು ವರ್ಷಗಳಿಂದ ಅವನು ಎಲ್ಲರನ್ನೂ ಹಾಗೆ ಓರೆಯಾಗಿ ನೋಡುತ್ತಿದ್ದ. ಮುದುಕನಿಗೆ ಜಂಬ ಬಂದಿದೆ ಎಂದು ಊರು ಆಡಿಕೊಳ್ಳುತ್ತಿತ್ತು.

"ಜೆಮ್ಮಾ ಬರೆದುಕೊಟ್ಟ ಹೆಸರಿನ ಚೀಟಿ ಇದೆಯಾ ನೊಂಗ್?" ಎಂದಳು. ಊರಲ್ಲಿ ಅಣ್ಣ ಎನ್ನುವುದಕ್ಕೆ ನೊಂಗ್.

ಇತ್ತು. ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಕೊಟ್ಟ. ಜೆಮ್ಮಾಳ ದುಂಡು ಕೈಬರಹ. ಕೊನೆಯ ಅಕ್ಷರ ಓ ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

"ನೋಡು, ಕೊನೇಲಿ ಆ ಅಂತಾನೇ ಬರೆದಿದ್ದಾಳೆ" ಎಂದ ಕ್ಲೇತೊ. ಚೀಟಿಯನ್ನು ವಾಪಸ್ ತೆಗೆದುಕೊಂಡು ಬೆರಳಿಟ್ಟು ತೋರಿಸಿದ. ಅವನು ಅದನ್ನು ತಲೆಕೆಳಗಾಗಿ ಹಿಡಿದಿದ್ದ.

ಅಂಚೆ ಕಚೇರಿಗೆ ಮನಿಆರ್ಡರ್ ಫಾರಂ ಹಿಡಿದು, ಕನ್ನಡಕ ಮನೆಯಲ್ಲೇ ಬಿಟ್ಟುಬಂದೆ, ನೀವೇ ಓದಿಬಿಡಿ ಎನ್ನುತ್ತಿದ್ದ ಎಷ್ಟೋ ಮುಖಗಳು ಬಿದಾಯ್‌ಳ ಕಣ್ಣಮುಂದೆ ಬಂದವು. ಅವಳು ಬೆಂಚಿನ ಪುಡಿಯನ್ನು ಒರೆಸಿ ಕೂತಳು.

"ಯಾವಾಗಿಂದ ನೊಂಗ್?"

"ಯಾವಾಗಿಂದ ಏನು?"

"ಚೀಟಿ ತಲೆಕೆಳಗಾಗಿದೆ."

ಕ್ಲೇತೊ ಚೀಟಿಯನ್ನು ಮಡಚಿ ಡಬ್ಬಿಯೊಳಗೆ ಹಾಕಿದ. ಗೋಡೆಯಾಚೆ ಯಾರೋ ಗೋರಿಯ ಸುತ್ತ ಹುಲ್ಲು ಕುಯ್ಯುತ್ತಿದ್ದರು.

"ಮೂರು ವರ್ಷ ಆಯ್ತು" ಎಂದ ಆಮೇಲೆ. "ನೋಟದ ಮಧ್ಯದಲ್ಲಿ ಮಸಿ ಬಳಿದ ಹಾಗೆ. ಸುತ್ತ ಎಲ್ಲ ಕಾಣತ್ತೆ. ಈಗ ನಿನ್ನ ಕಿವಿ ಕಾಣ್ತಿದೆ, ಮುಖ ಇಲ್ಲ. ಆಪರೇಷನ್ನಿಗೂ ಬಗ್ಗಲ್ಲ ಅಂದ್ರು ಇಲೊಇಲೊ ಸಿಟಿಯ ಡಾಕ್ಟ್ರು. ಕೆತ್ತೋಕೆ ನನಗೆ ಕಣ್ಣು ಬೇಡ ಬಿದಾಯ್, ಹೆಬ್ಬೆರಳು ಸಾಕು. ಓದೋಕೆ ಬೇಕು. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓರೆ ಮಾಡ್ಕೊಂಡು ನೋಡ್ತೀನಿ. ಅವತ್ತು ಹಬ್ಬದ ಕೆಲಸ, ಒಂಬತ್ತು ಕಲ್ಲು."

"ಹಾಗಾದ್ರೆ ಸಹಿ ಹಾಕಿದ ಕಾಗದ? ಅದನ್ನೂ ಓದಿಲ್ಲ. ಬೇಕಾದ್ರೆ ನಾನೇ ಅದನ್ನ ಹರಿದುಹಾಕಿ ಕ್ಯಾಪ್ಟನ್‌ಗೆ ಹೇಳ್ತೀನಿ. ಮೊದಲಿಂದ ಶುರು ಮಾಡೋಣ."

"ಏನಿದೆ ಅದರಲ್ಲಿ?"

ಅವಳು ಎರಡು ಸಾಲನ್ನು ನಿಧಾನವಾಗಿ ಓದಿ ಹೇಳಿದಳು.

"ನನಗೆ ಹೇಳಿದ್ದೂ ಅದೇ. ಕಲ್ಲು ಅಂದ್ರು, ಕಲ್ಲಿಗೆ ಸಹಿ ಹಾಕಿದೆ. ಹರೀಬೇಡ."

"ಅವಳ ಮಾನದ ವಿಷಯವನ್ನೂ ಸೇರಿಸಿ ಇನ್ನೊಂದು ಕಾಗದಕ್ಕೆ ಸಹಿ ಹಾಕ್ತೀಯಾ?"

"ಎಷ್ಟು ಅಂತ ಕಟ್ತೀಯಾ ಅದಕ್ಕೆ ಬೆಲೆ? ನೀನು ಕವರು ತೂಕ ಮಾಡಿದವಳು. ಮಾನ ತೂಗೋ ತಕ್ಕಡಿ ಅಂಚೆ ಕಚೇರಿಲಿತ್ತಾ?" ಅವನ ದನಿ ಗಡುಸಾಗಿತ್ತು, ಕೈ ಮಾತ್ರ ಉಳಿಯ ಹಿಡಿಯನ್ನು ಸುಮ್ಮನೆ ಸವರುತ್ತಿತ್ತು. "ಪಟ್ಟಣದಲ್ಲಿ ಮೆಷಿನ್ನಿನ ಅಂಗಡಿ ಬಂದಿದೆ. ಕಣ್ಣಿನ ವಿಷಯ ಹೊರಗೆ ಬಿದ್ರೆ ನಾಳೆಯಿಂದ ಒಂದು ಚೀಟಿ ಬರಲ್ಲ ನನ್ನ ಡಬ್ಬಿಗೆ. ತೀರ್ಪಿನಲ್ಲಿ ಅದನ್ನ ಬರೀಬೇಡ ಬಿದಾಯ್. ಅಷ್ಟು ಮಾಡು."

ಅವಳು ಯಾವ ಭರವಸೆಯನ್ನೂ ಕೊಡದೆ ಎದ್ದಳು.

ಮನೆಗೆ ಬಂದು ಬರೆಯಲು ಕೂತಾಗ ಗೊತ್ತಾಯಿತು, ಭರವಸೆಯ ಅಗತ್ಯವೇ ಇರಲಿಲ್ಲ. ಚೀಟಿಯಲ್ಲಿ ಓ ಇದೆ, ಕಲ್ಲಿನಲ್ಲಿ ಆ ಇದೆ. ಕಲ್ಲಿನ ಮಟ್ಟಿಗೆ ಅಷ್ಟು ಸಾಕು. ಯಾಕೆ ಹಾಗಾಯಿತು ಎಂದು ಕೇಳುವ ಅಧಿಕಾರ ಕಾಗದ ಅವಳಿಗೆ ಕೊಟ್ಟಿರಲಿಲ್ಲ. ಜೆಮ್ಮಾಳ ಕಣ್ಣೀರು ಹೊರಗುಳಿದ ಬಾಗಿಲ ಹೊರಗೇ ಕ್ಲೇತೊವಿನ ಕಣ್ಣೂ ಉಳಿಯುತ್ತಿತ್ತು. ಒಬ್ಬರಿಗೆ ಅದು ನಷ್ಟ, ಇನ್ನೊಬ್ಬರಿಗೆ ಆಸರೆ. ಅದನ್ನು ನೆನೆದು ಬಿದಾಯ್‌ಗೆ ಸಮಾಧಾನವೇನೂ ಆಗಲಿಲ್ಲ. ಒಮ್ಮೆ ಹತ್ತು ಸಾವಿರ ಎಂದು ಬರೆದಳು. ಒಂದಿಷ್ಟಾದರೂ ಇರಲಿ ಎಂದು. ಬರೆದದ್ದನ್ನು ನೋಡುತ್ತ ಕೂತಳು. ಆಮೇಲೆ ಹಾಳೆಯನ್ನೇ ಬದಲಾಯಿಸಿದಳು.

ತೀರ್ಪನ್ನು ಬರಂಗಾಯ್ ಕಚೇರಿಯಲ್ಲಿ ಅವಳೇ ನಿಂತು, ಗಟ್ಟಿಯಾಗಿ, ಕ್ಲೇತೊಗೆ ಪ್ರತಿ ಪದವೂ ಕೇಳುವ ಹಾಗೆ ಓದಿದಳು. ಅನಕ್ಲೇತೊ ತನ್ನ ಖರ್ಚಿನಲ್ಲಿ ಅಂಥದೇ ಹೊಸ ಕಲ್ಲು ಕೆತ್ತಿ ಫೆಬ್ರವರಿ ಒಂಬತ್ತರ ಒಳಗೆ ಕೂರಿಸಬೇಕು. ಆಗದಿದ್ದರೆ ಪಡೆದ ನಾಲ್ಕೂವರೆ ಸಾವಿರ ಪೆಸೊ ಹಿಂತಿರುಗಿಸಬೇಕು. ಉಳಿದ ಯಾವ ವಿಷಯವನ್ನೂ ತನಗೆ ಒಪ್ಪಿಸಿಲ್ಲವಾದ್ದರಿಂದ ಅದರ ಬಗ್ಗೆ ತಾನು ಏನನ್ನೂ ಹೇಳಿಲ್ಲ.

ಜೆಮ್ಮಾ ಕೈಕಟ್ಟಿ ಕೂತಿದ್ದಳು. "ಅಂದ್ರೆ ನನ್ನ ಮಾನಕ್ಕೆ ಸೊನ್ನೆ."

"ಸೊನ್ನೆ ಅಂತ ಬರೆದಿಲ್ಲ ಇಂದಾಯ್. ಅದು ನನ್ನ ಕೈಲಿಲ್ಲ ಅಂತ ಬರೆದಿದ್ದೀನಿ."

"ಎರಡಕ್ಕೂ ಏನ್ ವ್ಯತ್ಯಾಸ ನಾಂಗ್? ನಿಮ್ಮನ್ನ ನಂಬಿ ಸಹಿ ಹಾಕಿದೆ."

"ಕಾಗದದಲ್ಲಿ ಬರೀ ಕಲ್ಲು ಅಂತಿತ್ತು."

"ನನ್ನ ಗಂಡನ ಹೆಸರಿರೋ ಕಲ್ಲು ಅದು" ಎಂದು ಜೆಮ್ಮಾ ಎದ್ದಳು. ತೀರ್ಪಿನ ಪ್ರತಿಯನ್ನೂ ತೆಗೆದುಕೊಳ್ಳದೆ ಬಾಸ್ಕೆಟ್‌ಬಾಲ್ ಅಂಗಳದ ನಡುವೆ ಬಿಸಿಲಲ್ಲಿ ನಡೆದುಹೋದಳು.

ಗೆದ್ದವನ ಹಾಗೆ ಎದ್ದುಹೋಗಬೇಕಿದ್ದ ಕ್ಲೇತೊ ಕುರ್ಚಿ ಬಿಟ್ಟು ಏಳಲಿಲ್ಲ. ಎಲ್ಲರೂ ಹೋದ ಮೇಲೆ, "ಅಷ್ಟೇನಾ?" ಎಂದು ಕೇಳಿದ.

"ಅಷ್ಟೇ. ಇನ್ನೇನು ಬೇಕಿತ್ತು ನಿನಗೆ?"

"ಅವಳು ಅತ್ತಳಾ ಈಗ? ನನಗೆ ಕಾಣಲಿಲ್ಲ."

"ಅಳಲಿಲ್ಲ. ಅತ್ತಿದ್ರೆ ಚೆನ್ನಾಗಿತ್ತು."

"ನೀನಾದ್ರೂ ಬೈದು ಬರೀಬಹುದಿತ್ತು ಬಿದಾಯ್. ಬೈಸಿಕೊಂಡಿದ್ರೆ ಮುಗೀತಿತ್ತು" ಎಂದು ಗೊಣಗಿಕೊಂಡು ಗೋಡೆ ಹಿಡಿದು ಹೊರಗೆ ಹೋದ.

ಆಮೇಲಿನ ಒಂದು ತಿಂಗಳು ಜೆಮ್ಮಾ ಬಿದಾಯ್‌ಳನ್ನು ಕಂಡರೆ ಸಂತೆಯ ಇನ್ನೊಂದು ಸಾಲಿಗೆ ತಿರುಗುತ್ತಿದ್ದಳು. ಬಿದಾಯ್‌ಳೂ ಬೇರೆಯವಳ ಹತ್ತಿರ ಇಬೊಸ್ ಕೊಳ್ಳಲಾರದೆ ಬೆಳಗಿನ ಕಾಫಿಗೆ ಬರೀ ರೊಟ್ಟಿ ತಿಂದಳು. ಪಂಚರ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ ಎಂದು ಕ್ಯಾಪ್ಟನ್‌ಗೆ ಹೇಳಿದಳು. ಕ್ಯಾಪ್ಟನ್ ಹೂಂ ಎಂದು ಮರೆತ.

ಜನವರಿಯ ನಡುವೆ ಒಂದು ಬೆಳಗ್ಗೆ ಸಂತೆಗೆ ಹೋದಾಗ ಜೆಮ್ಮಾಳ ಅಂಗಡಿಯ ಮುಂದೆ ಕ್ಲೇತೊ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಹುಬ್ಬಿನಲ್ಲಿ ಪುಡಿಯಿಲ್ಲ. ಬಿದಾಯ್ ತೆಂಗಿನಕಾಯಿಯವನ ಅಂಗಡಿಯ ಹಿಂದೆ ನಿಂತಳು. ಕದ್ದು ಕೇಳುವುದು ಅವಳ ಜಾಯಮಾನವಲ್ಲ. ಕಾಲು ಮಾತ್ರ ಮುಂದೆ ಹೋಗಲಿಲ್ಲ.

"ನಾಲ್ಕೂವರೆ ಸಾವಿರ ತಂದಿದ್ದೀನಿ ಇಂದಾಯ್" ಎನ್ನುತ್ತಿದ್ದ ಕ್ಲೇತೊ. "ಇದನ್ನ ತಗೊಂಡು ಮೆಷಿನ್ನಿನ ಅಂಗಡಿಗೆ ಹೋಗು. ತಪ್ಪಿರಲ್ಲ. ಇಲ್ಲ ನನ್ನ ಹತ್ರಾನೇ ಆಗ್ಬೇಕು ಅಂದ್ರೆ, ನೀನು ಬಂದು ಪಕ್ಕದಲ್ಲಿ ಕೂತ್ಕೊಬೇಕು. ನನಗೆ ಓದೋಕೆ ಆಗಲ್ಲ. ಕಣ್ಣು ಹೋಗಿದೆ."

ಜೆಮ್ಮಾ ಗರಿ ಸುತ್ತುವುದನ್ನು ನಿಲ್ಲಿಸಿದಳು. "ಯಾರಿಗೂ ಹೇಳಿಲ್ವಲ್ಲ ನೊಂಗ್."

"ಬಿದಾಯ್‌ಗೆ ಗೊತ್ತು. ಕಣ್ಣಿದ್ದವಳು, ಕಂಡುಹಿಡಿದಳು. ಬರೀಬೇಡ ಅಂದಿದ್ದೆ, ಬರೀಲಿಲ್ಲ. ನಿನಗೂ ಹೇಳಿಲ್ಲ ಅಂತ ಕಾಣತ್ತೆ."

"ಇಲ್ಲ" ಎಂದಳು ಜೆಮ್ಮಾ. ಆಮೇಲೆ, "ಮೆಷಿನ್ನಿನವರ ಅಕ್ಷರ ಇರುವೆ ಹರಿದಾಡಿದ ಹಾಗಿರತ್ತೆ. ನಮ್ಮ ಮನೆಯವರಿಗೆ ಇಷ್ಟ ಆಗ್ತಿರಲಿಲ್ಲ. ನಾಳೆ ಮಧ್ಯಾಹ್ನ ಬರ್ತೀನಿ. ದುಡ್ಡು ಒಳಗಿಟ್ಕೊಳ್ಳಿ, ಸಂತೇಲಿ ಕಿಸೆಗಳ್ಳರಿದ್ದಾರೆ, ನಿಮಗೆ ಕಾಣಲ್ಲ."

ಮರುದಿನದಿಂದ ಎಂಟು ಮಧ್ಯಾಹ್ನ ಅವಳು ಆ ತಗಡಿನ ಮಾಡಿನ ಕೆಳಗೆ ಕೂತಳು. ಮೂರನೆಯ ದಿನ ಬಿದಾಯ್‌ಗೂ ಕರೆ ಬಂತು, ಕಾರಣ ಹೇಳದೆ. ಹೋದರೆ ಜೆಮ್ಮಾ ಮುಖ ಎತ್ತದೆ, "ಕೂತ್ಕೊಳ್ಳಿ ನಾಂಗ್. ತೀರ್ಪು ಮುಗೀತಲ್ಲ, ಈಗ ತಿನ್ನಬಹುದು" ಎಂದು ಇಬೊಸಿನ ಗರಿ ಬಿಚ್ಚಿ ಕೈಗಿಟ್ಟಳು. ಬಿಸಿಯಾಗಿತ್ತು. ಕ್ಲೇತೊ ಒಂದು ಅಕ್ಷರ ಕೆತ್ತುವುದು, ಜೆಮ್ಮಾ ಪುಡಿ ಊದಿ ಬೆರಳಿಂದ ಸವರಿ ನೋಡಿ ಮುಂದಿನದನ್ನು ಹೇಳುವುದು. ನಡುನಡುವೆ ಅವಳು ಗಂಡನ ಮಾತು ಆಡುತ್ತಿದ್ದಳು. ಟ್ರೈಸಿಕಲ್ ಓಡಿಸುವಾಗ ಅವನು ಶಾಲೆಯ ಮಕ್ಕಳಿಂದ ದುಡ್ಡು ತೆಗೆದುಕೊಳ್ಳದೆ ಅವಳ ಕೈಲಿ ಬೈಸಿಕೊಳ್ಳುತ್ತಿದ್ದದ್ದು, ನಲವತ್ತಾರಕ್ಕೇ ಒಂದು ಬೆಳಗ್ಗೆ ಹ್ಯಾಂಡಲಿನ ಮೇಲೆ ತಲೆಯಿಟ್ಟು ಎದ್ದೇಳದೆ ಹೋದದ್ದು. ಹಿಂದೆ ತಪ್ಪಿದ್ದ ಅಕ್ಷರದ ಸರದಿ ಬಂದಾಗ ಕ್ಲೇತೊ ಉಳಿ ಎತ್ತಿ ಹಿಡಿದು, "ಏನು ಹೇಳು?" ಎಂದ. "ಓ" ಎಂದಳು. "ಗಟ್ಟಿಯಾಗಿ ಹೇಳು." "ಓ, ನೊಂಗ್, ಓ" ಎಂದು ಜೆಮ್ಮಾ ಕೂಗಿದಳು. ಹುಲ್ಲು ಕುಯ್ಯುವವನು ಗೋಡೆಯಾಚೆಯಿಂದ ಏನಾಯಿತು ಎಂದು ಇಣುಕಿದ. ಮೂವರೂ ನಕ್ಕರು. ಸ್ವಲ್ಪ ಹೊತ್ತಿಗೆ ಜೆಮ್ಮಾ ಅಳತೊಡಗಿದಳು. ಅವಳ ಅಳು ನಿಲ್ಲುವ ತನಕ ಕ್ಲೇತೊ ಮುಂದಿನ ಅಕ್ಷರ ಕೇಳಲಿಲ್ಲ.

ಹೊಸ ಕಲ್ಲನ್ನು ಕೂರಿಸಿದ ವಾರವೇ ಬಿದಾಯ್ ಬಕೊಲೊದ್‌ಗೆ, ಸಲ್ವಾಸ್ಯೋನ್ ಹೆಸರಿಗೆ ಒಂದು ಪತ್ರ ಬರೆದಳು. ಪಂಚಳಾಗಿ ಅಲ್ಲ, ಅಂಚೆಯವಳಾಗಿ. ಹೊಸ ಕಲ್ಲು ಕೂತಿದೆ, ವರ್ಷದ ಪೂಜೆಗೆ ನೀವು ಬಂದರೆ ಒಳ್ಳೆಯದು ಎಂದಷ್ಟೇ ಇತ್ತು ಅದರಲ್ಲಿ. ಉತ್ತರ ಬರಲಿಲ್ಲ. ಒಂಬತ್ತನೆಯ ತಾರೀಕು ಹತ್ತು ಗಂಟೆಗೆ ಸಲ್ವಾಸ್ಯೋನ್ ಕಪ್ಪು ಬಟ್ಟೆ ಉಟ್ಟು, ಕೊಡೆ ಹಿಡಿದು, ಇಬ್ಬರು ಗಂಡುಮಕ್ಕಳ ಜೊತೆ ಸ್ಮಶಾನದ ಗೇಟಿನಲ್ಲಿ ಕಾಣಿಸಿಕೊಂಡಳು. ಯಾರೊಂದಿಗೂ ಮಾತಾಡದೆ ಕಲ್ಲಿನ ಮುಂದೆ ಹೋಗಿ ನಿಂತು ಓದಿದಳು. ಅವಳ ತುಟಿ ಒಂದೊಂದೇ ಅಕ್ಷರಕ್ಕೆ ಅಲುಗುವುದನ್ನು ಬಿದಾಯ್ ನೋಡಿದಳು.

ಪ್ರಾರ್ಥನೆ ಮುಗಿದು ಜನ ಅನ್ನಕ್ಕೆ ಕೂರುವ ಹೊತ್ತಿಗೆ ಕ್ಲೇತೊ ಮುಂದೆ ಬಂದ. ಅವನು ಬರುತ್ತಾನೆಂದು ಜೆಮ್ಮಾಳಿಗೂ ಗೊತ್ತಿರಲಿಲ್ಲ. ಅಕ್ಕಪಕ್ಕದವರು, ಪಾದ್ರಿ, ಕ್ಯಾಪ್ಟನ್, ನಾಳೆ ಅವನಿಗೆ ಕೆಲಸ ಕೊಡಬೇಕಾದವರೆಲ್ಲ ಅಲ್ಲಿದ್ದರು.

"ನಾಯ್ ಸಲ್ವಾಸ್ಯೋನ್ ಎಲ್ಲಿದ್ದೀರಿ?" ಎಂದು ಕೇಳಿದ. ನಾಯ್ ಎಂದರೆ ಅಮ್ಮ.

"ಇಲ್ಲೇ ನಿನ್ನ ಮುಂದೇನೇ ಇದ್ದೀನಲ್ಲ."

"ಅದೇ ನನ್ನ ತೊಂದರೆ. ಮುಂದೆ ಇರೋದು ನನಗೆ ಕಾಣಲ್ಲ" ಎಂದ ಕ್ಲೇತೊ. ಎಲ್ಲರೂ ತಿರುಗಿ ನೋಡಿದರು. "ನಿಮ್ಮ ಸೊಸೆ ಹೆಸರನ್ನ ಸರಿಯಾಗೇ ಬರೆದುಕೊಟ್ಟಿದ್ದಳು. ನಾನು ಕುರುಡನಾಗಿದ್ದೀನಿ, ಮೂರು ವರ್ಷದಿಂದ ಮುಚ್ಚಿಟ್ಟಿದ್ದೀನಿ. ತಪ್ಪು ನಂದು. ಬೈಯೋದಿದ್ರೆ ನನ್ನನ್ನ ಬೈಯಿರಿ. ಇದನ್ನ ಹೇಳು ಅಂತ ನನಗೆ ಯಾವ ತೀರ್ಪಿನಲ್ಲೂ ಬರೆದಿಲ್ಲ. ಬಿದಾಯ್‌ನ ಕೇಳಿ."

ಎಲ್ಲರ ಕಣ್ಣು ಬಿದಾಯ್ ಮೇಲೆ ಬಿತ್ತು. "ಬರೆದಿಲ್ಲ" ಎಂದಳು. ಇದನ್ನು ಬರೆಯುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ ಈ ಮಾತಿಗೆ ಇಷ್ಟು ತೂಕ ಇರುತ್ತಿರಲಿಲ್ಲ ಎಂದು ಆ ಕ್ಷಣಕ್ಕೆ ಅವಳಿಗೆ ಅನ್ನಿಸಿತು.

ಸಲ್ವಾಸ್ಯೋನ್ ಮುದುಕನ ಮುಖವನ್ನು ನೋಡಿದಳು. ಆಮೇಲೆ ಜೆಮ್ಮಾಳನ್ನು ನೋಡಿದಳು. ಕ್ಷಮಿಸು ಎಂಬ ಮಾತು ಅವಳ ಬಾಯಲ್ಲಿ ಬರುವಂಥದಲ್ಲ, ಅವತ್ತೂ ಬರಲಿಲ್ಲ.

"ಮತ್ತೆ ಈ ಕಲ್ಲನ್ನ ಯಾರು ಓದಿ ಹೇಳಿದ್ದು?"

"ನಿಮ್ಮ ಸೊಸೆ. ಎಂಟು ದಿನ ಬಂದು ಕೂತಳು."

"ಹೂಂ" ಎಂದಳು ಸಲ್ವಾಸ್ಯೋನ್. ಕೊಡೆ ಮಡಚಿ ಪಕ್ಕದಲ್ಲಿದ್ದ ಮಗನ ಕೈಗೆ ಕೊಟ್ಟಳು. "ನನ್ನ ಹೆಸರು ಉದ್ದ ಇದೆ. ಸತ್ತ ಮೇಲೆ ಇವರು ಏನು ಬರೆಸ್ತಾರೋ ನನಗೆ ನಂಬಿಕೆ ಇಲ್ಲ. ಮಗನ ಪಕ್ಕದ ಜಾಗ ನನಗೆ ಅಂತ ಮೊದಲೇ ಹೇಳಿದ್ದೀನಿ. ಈಗಲೇ ಒಂದು ಕಲ್ಲು ಕೆತ್ತಿಡು. ಜೆಮ್ಮಾ ಓದಲಿ, ನಾನೂ ಬಂದು ಪಕ್ಕದಲ್ಲಿ ಕೂತು ನೋಡ್ತೀನಿ."

"ತಾರೀಕು ಏನ್ ಹಾಕ್ಲಿ ನಾಯ್?" ಎಂದ ಕ್ಲೇತೊ ಗಂಭೀರವಾಗಿ.

"ಅದಕ್ಕೆ ಅವಸರ ಇಲ್ಲ" ಎಂದಳು ಮುದುಕಿ. ಜನ ನಗುವುದೋ ಬೇಡವೋ ಎಂದು ನೋಡುತ್ತಿದ್ದರು. ಅವಳು ಜೆಮ್ಮಾಳ ಕೈಯಿಂದ ಸೌಟು ತೆಗೆದುಕೊಂಡು, "ನೀನು ಕೂತ್ಕೋ, ಬೆಳಗಿಂದ ನಿಂತಿದ್ದೀಯ" ಎಂದು ತಾನೇ ಬಡಿಸಲು ಬಾಗಿದಳು. ಮೊದಲ ತಟ್ಟೆಯನ್ನು ಕ್ಲೇತೊವಿನ ಕೈಗೆ, ಮುಂದೆ ಹಿಡಿಯದೆ ಪಕ್ಕದಿಂದ, ಅವನಿಗೆ ಕಾಣುವ ಕಡೆಯಿಂದ ಕೊಟ್ಟಳು.